ಮೊರ್ವಾಂ ಗ್ರಾವೆಲ್ ದಾರಿ: ಅವಲೋಂನಿಂದ ಕ್ಲಾಮ್ಸಿಗೆ, ನಾಲ್ಕನೇ ಕರಡು

ಫ್ರಾನ್ಸಿನ ಅವಲೋಂ ರೈಲು ನಿಲ್ದಾಣದಲ್ಲಿ ಇಳಿದು, ಮೂರು ಹಗಲು ಗ್ರಾವೆಲ್ ಸೈಕಲ್ (ಮಣ್ಣು-ಜಲ್ಲಿ ದಾರಿಗೆಂದು ಮಾಡಿದ, ಅಗಲ ಟೈರಿನದು) ತುಳಿದು, ಕ್ಲಾಮ್ಸಿ ನಿಲ್ದಾಣದಲ್ಲಿ ಮತ್ತೆ ರೈಲು ಹತ್ತುವುದು. ಒಟ್ಟು ಸುಮಾರು 165 ಕಿ.ಮೀ. ನಡುವೆ ಸ್ಯಾಂ-ತಾನ್ಯಾಂ, ಸೆತ್ತೋಂ, ಪಾನ್‌ಸಿಯೇರ್ ಎಂಬ ಮೂರು ಜಲಾಶಯ, ಕೊನೆಗೊಂದು ಹಳೆಯ ನಾಲೆ. ನಕ್ಷೆಯ ಮೇಲೆ ಎಳೆದ ದಾರಿಯ ಗೆರೆ ಈಗ ನಾಲ್ಕನೇ ಕರಡಿನಲ್ಲಿದೆ. ಮೊದಲ ಮೂರು ಯಾಕೆ ಕೈಬಿಟ್ಟವು ಎಂಬುದೂ ಇಲ್ಲಿದೆ, ಅದೇ ತಪ್ಪು ಬೇರೆಯವರ ಗೆರೆಯಲ್ಲೂ ಕಾಣುತ್ತಿರುವುದರಿಂದ.

ಮೊರ್ವಾಂ ಎಂದರೆ ಬರ್ಗಂಡಿಯ ನಡುವೆ ಎದ್ದ ಗ್ರಾನೈಟ್ ಗುಡ್ಡಗಾಡು. ತುತ್ತತುದಿ ಓ-ಫೊಲ್ಯಾಂ 901 ಮೀಟರ್, ಹೆಚ್ಚುಕಡಿಮೆ ಬೆಂಗಳೂರಿನ ಎತ್ತರ. ಅಂಕಿ ನೋಡಿ ಸುಲಭ ಅಂದುಕೊಂಡರೆ ಮೋಸ. ಇಲ್ಲಿ ಒಂದು ದೊಡ್ಡ ಘಾಟಿ ಹತ್ತಿ ಮುಗಿಸುವ ಲೆಕ್ಕವೇ ಇಲ್ಲ. 60 ಮೀಟರ್ ಹತ್ತು, 50 ಇಳಿ, ಹಳ್ಳ ದಾಟು, ಮತ್ತೆ 80 ಹತ್ತು. ದಿನವಿಡೀ ಹೀಗೇ.

ಕೈಬಿಟ್ಟ ಕರಡುಗಳು

ಮೊದಲ ಕರಡು ಜಿಆರ್ 13 ಕಾಲುದಾರಿಯ ಮೇಲಿತ್ತು. ಮರಗಳಿಗೆ ಬಳಿದ ಕೆಂಪು-ಬಿಳಿ ಪಟ್ಟಿ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ, ನಿಜ. ಆದರೆ ಅದು ನಡೆಯುವವರ ದಾರಿ. ಬೇರು, ಗುಂಡುಕಲ್ಲು, ಹಳ್ಳಕ್ಕೆ ನೇರ ಇಳಿಜಾರು. ಸಾಮಾನು ಕಟ್ಟಿದ ಸೈಕಲ್ಲನ್ನು ಹೊತ್ತು ನಡೆಯುವ ಕಿಲೋಮೀಟರುಗಳೇ ಜಾಸ್ತಿಯಾಗುತ್ತವೆ.

ಎರಡನೆಯದು ಮೌಂಟನ್ ಬೈಕ್ ಗುರುತುಗಳನ್ನು ಹಿಡಿದದ್ದು. ಒಂದು ತ್ರಿಕೋನ, ಅದರ ಜೊತೆ ಎರಡು ದುಂಡು, ಇದು ಫ್ರಾನ್ಸಿನಲ್ಲಿ ಆ ದಾರಿಗಳ ಗುರುತು. ಮೆಡಿಟರೇನಿಯನ್ ಕಡಲಿನವರೆಗೆ ಸುಮಾರು 1,400 ಕಿ.ಮೀ. ಹೋಗುವ ಮಾಸಿಫ್ ಸೆಂಟ್ರಲ್ ಮಹಾದಾರಿ ಶುರುವಾಗುವುದೂ ಅವಲೋಂನಿಂದಲೇ. ಮುಂದೆ ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಚೆನ್ನ. ಗಟ್ಟಿ ಫೋರ್ಕಿನ ಗ್ರಾವೆಲ್ ಸೈಕಲ್ಲಿಗೆ ಅದರ ತುಂಡುಗಳು ಸಾಕು, ಇಡೀ ದಾರಿ ಬೇಡ.

ಮೂರನೆಯದನ್ನು ದಾರಿ ಹುಡುಕುವ ತಂತ್ರಾಂಶಕ್ಕೇ ಬಿಟ್ಟದ್ದಾಯಿತು. ಅದು ಡಾಂಬರು ರಸ್ತೆಯನ್ನೂ, ‘ಟ್ರ್ಯಾಕ್’ ಎಂದು ಬರೆದ ಪ್ರತಿಯೊಂದು ಗೆರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಜನರೇ ಸೇರಿ ತಿದ್ದುವ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಟ್ರ್ಯಾಕಿಗೆ 1ರಿಂದ 5ರವರೆಗೆ ದರ್ಜೆ ಇದೆ. 1 ಮತ್ತು 2 ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. 3 ಒಣಗಿದ್ದಾಗ ಮಾತ್ರ. 4, 5 ಎಂದರೆ ಹುಲ್ಲು, ಕೆಸರು. ದರ್ಜೆಯನ್ನೇ ಬರೆಯದ ಗೆರೆ ಸಿಕ್ಕರೆ ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ನಕ್ಷೆ ತೆರೆಯಬೇಕು. ಅದರಲ್ಲಿ ತುಂಡುಗೆರೆ ಕಾಲುದಾರಿ, ಒಂಟಿ ಪೂರ್ತಿ ಗೆರೆ ಗಾಡಿದಾರಿ. ಆಮೇಲೆ ವಿಮಾನದಿಂದ ತೆಗೆದ ಚಿತ್ರ. ಮೊರ್ವಾಂನಲ್ಲಿ ಡಗ್ಲಸ್ ಫರ್ ನೆಡುತೋಪುಗಳು ಹೇರಳ, ಇಡೀ ಗುಡ್ಡವನ್ನು ಒಂದೇ ಸಲಕ್ಕೆ ಬೋಳಿಸುತ್ತಾರೆ. ಕಡಿದ ಕಡೆ ನಕ್ಷೆಯಲ್ಲಿರುವ ದಾರಿ ನೆಲದ ಮೇಲೆ ಇರುವುದಿಲ್ಲ. ಯಂತ್ರದ ಚಕ್ರದ ಹೊಂಡ, ಮೇಲೆ ರೆಂಬೆ ರಾಶಿ. ಚಿತ್ರ ತೆಗೆದ ವರ್ಷ ಯಾವುದು ಅಂತ ನೋಡಿಕೊಳ್ಳದೆ ನಂಬಬಾರದು.

ನಾಲ್ಕನೇ ಕರಡು: ನೀರಿನ ಹಿಂದೆ

ಈ ಗುಡ್ಡಗಳಲ್ಲಿ ಮಟ್ಟಸವಾದ ದಾರಿ ಇರುವುದೇ ಆದರೆ ಅದು ನೀರಿಗಾಗಿ ಮನುಷ್ಯ ಮಾಡಿದ್ದು. 16ನೇ ಶತಮಾನದಿಂದ 20ನೆಯದರ ಆರಂಭದವರೆಗೂ ಪ್ಯಾರಿಸ್ಸಿನ ಒಲೆಗೆ ಸೌದೆ ಹೋದದ್ದು ಇಲ್ಲಿಂದ. ಕೊರಡಿನ ತುದಿಗೆ ಮಾಲೀಕನ ಗುರುತು ಒತ್ತಿ ಹಳ್ಳಕ್ಕೆ ಎಸೆಯುವುದು, ಮೇಲಿನ ಕೆರೆಗಳ ತೂಬು ಎತ್ತಿ ಪ್ರವಾಹ ಬಿಡುವುದು, ಯೋನ್ ನದಿ ದಂಡೆಯ ಕ್ಲಾಮ್ಸಿಯಲ್ಲಿ ಹಿಡಿದು ತೆಪ್ಪ ಕಟ್ಟುವುದು. ಸೆತ್ತೋಂ ಜಲಾಶಯವನ್ನು 19ನೇ ಶತಮಾನದ ನಡುವೆ ಕ್ಯೂರ್ ನದಿಗೆ ಕಟ್ಟಿದ್ದೂ ಈ ಕೆಲಸಕ್ಕೇ. ಹಾಗಾಗಿ ದಾರಿಯೂ ಕೊರಡಿನಂತೆ ಇಳಿಯುತ್ತದೆ: ಸೆತ್ತೋಂ ಸುಮಾರು 570 ಮೀಟರ್, ಪಾನ್‌ಸಿಯೇರ್ 320, ನಿವರ್ನೇ ನಾಲೆಯ ನೆತ್ತಿ 262, ಕ್ಲಾಮ್ಸಿ 150ರ ಆಸುಪಾಸು. ಮೊದಲ ದಿನವೊಂದು ಮಾತ್ರ ನೀರಿಗೆ ಎದುರು.

ನೆಲ ಮತ್ತು ಟೈರು

ಗ್ರಾನೈಟ್ ಸವೆದು ಆದ ಒರಟು ಮರಳು ನಮ್ಮ ಗರಸು ಮಣ್ಣಿನ ಹತ್ತಿರದ ನೆಂಟ. ಮಳೆ ಬಂದು ಎರಡು ಗಂಟೆಯಲ್ಲಿ ನೀರು ಬಸಿದು ಹೋಗುತ್ತದೆ, ಚಕ್ರಕ್ಕೆ ಮೆತ್ತುವುದಿಲ್ಲ. ಅವಲೋಂ ಇರುವುದು ಈ ಗ್ರಾನೈಟಿನ ಅಂಚಿನಲ್ಲಿ. ಅಲ್ಲಿಂದ ಪಶ್ಚಿಮಕ್ಕೆ, ವೆಜಲೇ ಕಡೆ ತಿರುಗಿದರೆ ಸುಣ್ಣಕಲ್ಲು ಮತ್ತು ಜೇಡಿ. ಮಳೆಯಾದ ಮೇಲೆ ಅದು ಥೇಟ್ ಎರೆಮಣ್ಣು: ಚಕ್ರಕ್ಕೆ ಸುತ್ತಿಕೊಂಡು ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಚಕ್ರವನ್ನೇ ನಿಲ್ಲಿಸುತ್ತದೆ. ವೆಜಲೇ ಗುಡ್ಡದ ಬಸಿಲಿಕಾ ನೋಡಲೇಬೇಕೆಂದರೆ ಡಾಂಬರಿನಲ್ಲಿ ಹೋಗಿ ಬನ್ನಿ. ಗೆರೆಯಿಂದ ಅದನ್ನು ತೆಗೆದದ್ದು ಇದೇ ಕಾರಣಕ್ಕೆ.

ಟೈರು 700×45, ಅಂದರೆ 45 ಮಿ.ಮೀ. ಅಗಲ. 40 ಸಾಕು ಎನ್ನುವವರಿದ್ದಾರೆ. ನಾಲೆಯ ಪಕ್ಕ ಸಾಕು, ಕಾಡಿನ ಕೂಪಿನ ದಾರಿಯಲ್ಲಿ ಸಾಲದು. ನಡುವೆ ನುಣುಪು, ಅಂಚಿನಲ್ಲಿ ಗುಬುಟು ಇರುವ ಅಚ್ಚು ಸರಿಹೊಂದುತ್ತದೆ. ಸವಾರ 70 ಕೆ.ಜಿ., ಸೈಕಲ್, ಸಾಮಾನು, ನೀರು ಎಲ್ಲ ಸೇರಿ 92 ಕೆ.ಜಿ. ಎಂದಿಟ್ಟುಕೊಂಡರೆ ಟ್ಯೂಬ್‌ಲೆಸ್ 45ಕ್ಕೆ ಮುಂದೆ 27, ಹಿಂದೆ 30 ಪಿಎಸ್‌ಐ, 40 ಮಿ.ಮೀ. ಟೈರಾದರೆ 32 ಮತ್ತು 35. ಮೂರನೇ ದಿನದ ನಾಲೆ ದಂಡೆಗೆ 4 ಪಿಎಸ್‌ಐ ಏರಿಸಿ. ಹಾಕಿದ ಮೇಲೆ ಫ್ರೇಮಿನ ಎರಡೂ ಬದಿ 6 ಮಿ.ಮೀ. ಸಂದು ಉಳಿಯಬೇಕು. ಅಗಲ ರಿಮ್ಮಿನಲ್ಲಿ 45 ಎಂಬ ಟೈರು 47ಕ್ಕೂ ಊದಿಕೊಳ್ಳುತ್ತದೆ, ಅಳತೆ ಗಾಳಿ ತುಂಬಿದ ಮೇಲೆ ತೆಗೆಯಿರಿ.

ಸೀಲೆಂಟ್ (ಟೈರಿನ ತೂತು ತಾನೇ ಮುಚ್ಚುವ ದ್ರವ) ಚಕ್ರಕ್ಕೆ 80 ಮಿ.ಲೀ. ಮೂರು ತಿಂಗಳ ಹಿಂದೆ ತುಂಬಿದ್ದಾದರೆ ವಾಲ್ವ್ ತಿರುಳು ಬಿಚ್ಚಿ ಕಡ್ಡಿ ಇಳಿಸಿ ನೋಡಿ. ಒಣಗಿ ರಬ್ಬರ್ ಉಂಡೆಯಾಗಿದ್ದರೆ ಮುಳ್ಳಿಗೂ ಕೆಲಸಕ್ಕೆ ಬಾರದು.

ಗಾಳಿ ಇದಕ್ಕಿಂತ ಇಳಿಸಲು ಅಡ್ಡಿ ಮಾಡುವುದು ಅಡ್ಡಚರಂಡಿಗಳು. ಕಾಡಿನ ದಾರಿಗಳಲ್ಲಿ ಮಳೆನೀರು ಕೊಚ್ಚದಂತೆ ಓರೆಯಾಗಿ ಮರದ ಅಥವಾ ಕಬ್ಬಿಣದ ತೆರೆದ ಚರಂಡಿ ಹೂತಿರುತ್ತಾರೆ. ಇಳಿಜಾರಿನಲ್ಲಿ ವೇಗವಾಗಿ ಬಂದು ಓರೆಯಾಗಿ ಹಾಯಿಸಿದರೆ ಮುಂದಿನ ಚಕ್ರ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ರಿಮ್ ನೆಗ್ಗುತ್ತದೆ. ದಾರಿ ಯಾವ ಕಡೆಗೇ ಇರಲಿ, ಚರಂಡಿಗೆ ಲಂಬವಾಗಿ ದಾಟಬೇಕು.

ಗಿಯರ್, ಬ್ರೇಕು, ಚೀಲ

ಮೊದಲು ಲೆಕ್ಕ ಹಾಕಿದ್ದು ಮುಂದೆ 40 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42 ಹಲ್ಲಿನವು. ಅತಿ ಹಗುರ ಗಿಯರ್ 0.95, ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರ 0.95 ಸುತ್ತು. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ 7.5 ಕಿ.ಮೀ. ಬದಲಿಸಿದ್ದು ಮುಂದೆ 46 ಮತ್ತು 30ರ ಎರಡು ಚಕ್ರ, ಹಿಂದೆ 11-34. ಹಗುರ ಗಿಯರ್ 0.88, ಅದೇ ತುಳಿತಕ್ಕೆ 7 ಕಿ.ಮೀ. ಅರ್ಧ ಕಿಲೋಮೀಟರಿಗೆ ಇಷ್ಟು ಗೋಳೇ ಅನ್ನಿಸಬಹುದು. ಆ 7 ಕಿ.ಮೀ. ವೇಗದಲ್ಲೇ 92 ಕೆ.ಜಿ.ಯನ್ನು ಶೇ. 8ರ ಏರಿಗೆ ಎಳೆಯಲು ಸುಮಾರು 160 ವ್ಯಾಟ್, ಶೇ. 12ಕ್ಕೆ 230. ಸಡಿಲ ಮರಳಿನ ಮೇಲೆ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಗಿರ್ರನೆ ಜಾರುತ್ತದೆ. ಕೂತೇ ತುಳಿಯಬೇಕು, ಕೂತು ತುಳಿಯಲು ಗಿಯರ್ ಇರಬೇಕು. ಒಂದೇ ಚೈನ್‌ರಿಂಗ್ ಬೇಕೆನ್ನುವವರು ಹಿಂದೆ 10-50 ಹಾಕಿ, 0.8 ಸಿಗುತ್ತದೆ. ಅದಕ್ಕೆ ಡಿರೇಲರ್ (ಚೈನನ್ನು ಒಂದು ಗಿಯರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೂಡ ಬದಲಾಗಬೇಕು. 42ರ ಮಿತಿಯದ್ದಕ್ಕೆ 50 ತುರುಕಬೇಡಿ.

ಒದ್ದೆ ಗ್ರಾನೈಟ್ ಮರಳು ಬ್ರೇಕಿಗೆ ಉಪ್ಪುಕಾಗದ ಇದ್ದಂತೆ. ರೆಸಿನ್ ಪ್ಯಾಡು ಮಳೆಯಲ್ಲಿ ಬೇಗ ಸವೆಯುತ್ತದೆ. ಲೋಹದ ಪುಡಿಯ ಪ್ಯಾಡು ಹಾಕಿ, ಕಿರುಚಾಟ ಸಹಿಸಿಕೊಳ್ಳಿ, ಒಂದು ಜೊತೆ ಹೆಚ್ಚುವರಿ ಇರಲಿ. ರೋಟರ್ (ಬ್ರೇಕಿನ ತಟ್ಟೆ) ಆ ಪ್ಯಾಡಿಗೆ ಒಗ್ಗುವಂಥದ್ದೇ ಎಂದು ಮೊದಲೇ ನೋಡಿ. ಕೆಲವು ಅಗ್ಗದ ರೋಟರ್ ಮೇಲೆ ‘ರೆಸಿನ್ ಮಾತ್ರ’ ಎಂದೇ ಕೊರೆದಿರುತ್ತದೆ.

ಚೀಲಗಳಲ್ಲಿ ಒಂದೇ ಮಾತು: ಸೀಟಿನ ಹಿಂದಿನ ಚೀಲ 2.5 ಕೆ.ಜಿ. ಮೀರಿದರೆ ನಾಯಿ ಬಾಲದಂತೆ ಅಲ್ಲಾಡುತ್ತದೆ. ಭಾರದ್ದೆಲ್ಲ ಫ್ರೇಮಿನ ನಡುವೆ. ಸಲಕರಣೆಯಲ್ಲಿ ಎರಡು ಟ್ಯೂಬು, ಪ್ಲಗ್, ಟೈರ್ ಹರಿದರೆ ಒಳಗೆ ಹಚ್ಚಲು ದಪ್ಪ ತುಂಡು, ಚೈನ್ ಕೊಂಡಿ ಮತ್ತು ನಿಮ್ಮದೇ ಫ್ರೇಮಿನ ಡಿರೇಲರ್ ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಸೇರಿಸುವ ಪುಟ್ಟ ತುಂಡು. ಕೊನೆಯದು ಮರೆತರೆ ಸುತ್ತಲಿನ ಯಾವ ಹಳ್ಳಿಯಲ್ಲೂ ಸಿಗುವ ವಸ್ತುವಲ್ಲ.

ದಾರಿ

ಮೊದಲ ದಿನ, ಸುಮಾರು 60 ಕಿ.ಮೀ. ಅವಲೋಂನಿಂದ ಕೂಜಾಂ ಹೊಳೆಯ ಕಣಿವೆಗೆ ಇಳಿದು ಕಾರೆ-ಲೆ-ತೋಂಬ್‌ಗೆ ಏರು. ಚರ್ಚಿನ ಸುತ್ತ ಖಾಲಿ ಕಲ್ಲಿನ ಶವಪೆಟ್ಟಿಗೆಗಳ ಸಾಲು ಕಂಡರೆ ಅದೇ ಊರು. ಬ್ರೆಡ್ಡು, ನೀರು ಇಲ್ಲೇ ತುಂಬಿಕೊಳ್ಳಿ. ಅಲ್ಲಿಂದ ಸ್ಯಾಂ-ತಾನ್ಯಾಂ ಕೆರೆ, ಸ್ಯಾಂ-ಬ್ರಿಸೋಂನಲ್ಲಿರುವ ಮೊರ್ವಾಂ ಪ್ರಕೃತಿ ಉದ್ಯಾನದ ಕಚೇರಿ, ಗುಲೂ ಜಲಪಾತದ ಪಕ್ಕದಿಂದ ಸೆತ್ತೋಂ. ಕಾಡಿನ ಕಮಾನುಗೇಟು ಮುಚ್ಚಿದ್ದರೆ ಅದು ಸಾಮಾನ್ಯವಾಗಿ ಮೋಟಾರು ವಾಹನಕ್ಕೆ. ಸೈಕಲ್ ಪಕ್ಕದ ಸಂದಿಯಲ್ಲಿ ದಾಟಬಹುದು. ‘ಶಾಂತಿಯೇ ಫೊರೆಸ್ತಿಯೇ’ ಎಂಬ ಫಲಕ ಇದ್ದರೆ ಮಾತ್ರ ಒಳಗೆ ಮರ ಬೀಳುತ್ತಿದೆ ಎಂದರ್ಥ, ಹಿಂದಿರುಗಿ. ಪಕ್ಕದಲ್ಲಿ ಪೇರಿಸಿದ ದಿಮ್ಮಿಗಳ ಮೇಲೆ ಕೂತು ತಿನ್ನುವ ಆಸೆ ಬೇಡ, ಉರುಳುತ್ತವೆ.

ಸೆತ್ತೋಂ ಸುತ್ತ ಸುಮಾರು 15 ಕಿ.ಮೀ. ದಂಡೆದಾರಿ ಇದೆ. ಬೇಸಿಗೆಯ ಭಾನುವಾರ ಮಧ್ಯಾಹ್ನ ಮಕ್ಕಳು, ನಾಯಿ, ತಳ್ಳುಗಾಡಿ. ಬೆಳಿಗ್ಗೆ ಎಂಟರೊಳಗೆ ಸುತ್ತಿದರೆ ಕೆರೆ ಪೂರ್ತಿ ನಿಮ್ಮದು. ಉಳಿಯಲು ದಂಡೆಯ ಮೇಲೆ ಕ್ಯಾಂಪಿಂಗ್ ಜಾಗಗಳಿವೆ, ಚಳಿಗಾಲದಲ್ಲಿ ಮುಚ್ಚಿರುತ್ತವೆ.

ಎರಡನೇ ದಿನವೂ 60ರ ಸುಮಾರು, ಮೂರರಲ್ಲಿ ಅತಿ ಒಳ್ಳೆಯದು. ಬೆಳಿಗ್ಗೆ ಕ್ಯೂರ್ ಮತ್ತು ಯೋನ್ ಕಣಿವೆಗಳ ನಡುವಿನ ದಿಣ್ಣೆ ಹತ್ತಿ ಪ್ಲಾಂಶೆ, ಅಲ್ಲಿಂದ ಪಾನ್‌ಸಿಯೇರ್‌ಗೆ ಉದ್ದ ಇಳಿತ. 520 ಹೆಕ್ಟೇರಿನ ಈ ಜಲಾಶಯ 1949ರಿಂದ ಸೇನ್ ನದಿಯ ಮಟ್ಟ ಕಾಯುತ್ತಿದೆ: ಚಳಿಗಾಲ-ವಸಂತದಲ್ಲಿ ತುಂಬಿಸಿಕೊಂಡು ಪ್ಯಾರಿಸ್ಸನ್ನು ನೆರೆಯಿಂದ ಉಳಿಸುವುದು, ಬೇಸಿಗೆಯಿಂದ ಬಿಟ್ಟು ನದಿ ಬತ್ತದಂತೆ ನೋಡಿಕೊಳ್ಳುವುದು. ಆದ್ದರಿಂದ ಜೂನಿನಲ್ಲಿ ಅಂಚಿನವರೆಗೂ ನೀಲಿ, ಅಕ್ಟೋಬರ್ ಕೊನೆಗೆ ಕಂದು ಕೆಸರಿನ ಬಟ್ಟಲು. ಕೆರೆಯ ಚಿತ್ರಕ್ಕೆ ಆಸೆಪಟ್ಟು ಶರತ್ಕಾಲದಲ್ಲಿ ಬಂದವರು ಪೆಚ್ಚಾಗುವುದು ಇಲ್ಲೇ.

ಅಣೆಕಟ್ಟಿನ ಕೆಳಗಿನಿಂದ ಶುರು ‘ರಿಗೋಲ್ ದಿಯೋನ್’, ನಾಲೆಯ ನೆತ್ತಿಗೆ ನೀರುಣಿಸುವ ಪೂರಕ ಕಾಲುವೆ, ಸುಮಾರು 25 ಕಿ.ಮೀ. ನೀರು ತನ್ನಷ್ಟಕ್ಕೆ ಹರಿಯಬೇಕಾದ್ದರಿಂದ ಗುಡ್ಡದ ಮಗ್ಗುಲಿಗೆ ಅಂಟಿಕೊಂಡು ತಿರುವು ಮುರುವಾಗಿ ಒಂದೇ ಮಟ್ಟದಲ್ಲಿ ಸಾಗುತ್ತದೆ. ಪಕ್ಕದ ಏರಿಯೂ ಹಾಗೇ. ಮಂಡ್ಯದ ಕಡೆ ನಾಲೆ ಏರಿಯ ಮೇಲೆ ಸೈಕಲ್ ತುಳಿದವರಿಗೆ ಇದರ ಸುಖ ವಿವರಿಸಬೇಕಿಲ್ಲ. ಮೋಂತ್ರುಯೋಂನಲ್ಲಿ ಕಾಲುವೆ 33 ಮೀಟರ್ ಎತ್ತರದ ಕಲ್ಲಿನ ಮೇಲ್ಗಾಲುವೆಯಲ್ಲಿ ಯೋನ್ ಕಣಿವೆಯನ್ನು ದಾಟುತ್ತದೆ. ಏರಿ ಕಿರಿದು, ಹುಲ್ಲು ಬೆಳೆದಿರುತ್ತದೆ, ಒಂದು ಬದಿ ನೀರು, ಇನ್ನೊಂದು ಬದಿ ಇಳಿಜಾರು. ಮಳೆ ಬಂದ ದಿನ 12 ಕಿ.ಮೀ. ವೇಗವೂ ಹೆಚ್ಚೇ.

ಮೂರನೇ ದಿನ 45 ಕಿ.ಮೀ., ನಿವರ್ನೇ ನಾಲೆ. ಬೇ ಕೆರೆಯ ಬಳಿ ನಾಲೆ ಮೂರು ಸುರಂಗ ಹೊಕ್ಕು ಹೊರಡುತ್ತದೆ, ದೊಡ್ಡದು 758 ಮೀಟರ್. ಒಳಗೆ ಸೈಕಲ್ ದಾರಿ ಇಲ್ಲ, ಮೇಲಿಂದ ಸುತ್ತಬೇಕು. ಅದಾದ ಮೇಲೆ ಸಾರ್ದಿ ಬಳಿ ಮೂರೂವರೆ ಕಿಲೋಮೀಟರಿನಲ್ಲಿ 16 ಲಾಕ್ (ದೋಣಿಯನ್ನು ಮಟ್ಟದಿಂದ ಮಟ್ಟಕ್ಕೆ ಇಳಿಸುವ ಬಾಗಿಲು ತೊಟ್ಟಿ) ಮೆಟ್ಟಿಲು. ಪ್ರತಿ ಲಾಕಿನ ಪಕ್ಕ ಚಿಕ್ಕ ಇಳಿಜಾರು, ಕೊನೆಯಲ್ಲಿ ಸಡಿಲ ಜಲ್ಲಿ. ಬ್ರೇಕು ಅಲ್ಲೇ ಹಿಡಿದು ಬೀಳುವವರು ಬಹಳ. ಕೋರ್ಬಿನ್ಯಿ ದಾಟಿದ ಮೇಲೆ ಹೇಳುವಂಥದ್ದು ಕಡಿಮೆ: ನೀರು, ಪಾಪ್ಲರ್ ಮರ, ಹಸು, ಕ್ಲಾಮ್ಸಿ.

ನೀರು, ಊಟ, ಬೇಟೆ

ಹಳ್ಳಿಯಲ್ಲಿ ಅಂಗಡಿ ಇಲ್ಲದಿದ್ದರೂ ಸ್ಮಶಾನ ಇರುತ್ತದೆ, ಸ್ಮಶಾನದಲ್ಲಿ ಹೂಗಿಡಕ್ಕೆಂದು ನಲ್ಲಿ ಇರುತ್ತದೆ. ಫ್ರಾನ್ಸಿನ ಸೈಕಲ್ ಸವಾರರೆಲ್ಲ ಬಾಟಲಿ ತುಂಬುವುದು ಅಲ್ಲೇ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯಲು ಯೋಗ್ಯವಲ್ಲ. ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಸೋಮವಾರ ಬ್ರೆಡ್ ಅಂಗಡಿಗೇ ರಜೆ ಇರುವ ಊರುಗಳು ಅನೇಕ. ಹಾಗಾಗಿ ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಿಗ್ಗೆಯವರೆಗಿನ ಊಟ ಚೀಲದಲ್ಲಿರಲಿ. ಸಸ್ಯಾಹಾರಿಗಳಿಗೆ: ಇಲ್ಲಿನ ‘ಕ್ರಾಪ್ಯೋ’ ನೋಡಲು ದಪ್ಪ ದೋಸೆ, ಆದರೆ ಬೇಯುವುದು ಹಂದಿ ಕೊಬ್ಬಿನಲ್ಲಿ. ‘ಕೀಶ್’ನಲ್ಲೂ ಹಂದಿ ತುಣುಕು ಸಾಮಾನ್ಯ, ಕೇಳಿ ಕೊಳ್ಳಿ.

ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಬೇಟೆಯ ಕಾಲ. ‘ಶಾಸ್ ಆಂ ಕೂರ್’ ಫಲಕ ಕಂಡರೆ ಆ ಕಾಡು ಬಿಟ್ಟು ಡಾಂಬರು ಹಿಡಿಯುವುದೇ ಸರಿ. ಕಿತ್ತಳೆ ಬಣ್ಣದ ಮೇಲಂಗಿ ಇರಲಿ. ಬೇಸಿಗೆಯಲ್ಲಿ ಉಣ್ಣೆಹುಳ, ರಾತ್ರಿ ಮಂಡಿ ಹಿಂದೆ, ಸೊಂಟದ ಪಟ್ಟಿ ಕೆಳಗೆ ಹುಡುಕಿ ಕೊಕ್ಕೆಯಿಂದ ತೆಗೆಯಬೇಕು, ಲೈಮ್ ಕಾಯಿಲೆ ಹರಡುವುದು ಅದರಿಂದ.

ಉಳಿದ ಕೆಲಸ

ಪ್ಯಾರಿಸ್-ಬೆರ್ಸಿ ನಿಲ್ದಾಣದ ರೈಲು ಮಾರ್ಗ ಕ್ರಾವಾಂನಲ್ಲಿ ಕವಲೊಡೆಯುತ್ತದೆ: ಒಂದು ಅವಲೋಂಗೆ, ಇನ್ನೊಂದು ಕ್ಲಾಮ್ಸಿಗೆ. ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಬಿಚ್ಚದೆ ಹತ್ತಿಸಬಹುದು. ಬೇರೆ ಊರಿಂದ, ಬಿಚ್ಚದ ಸೈಕಲ್ಲಿಗೆ ಜಾಗವಿಲ್ಲದ ಟಿಜಿವಿಯಲ್ಲಿ (ಅತಿವೇಗದ ರೈಲು) ಪ್ಯಾರಿಸ್ಸಿಗೆ ಬರುವವರು ಚಕ್ರ ಬಿಚ್ಚಿ 130×90 ಸೆಂ.ಮೀ. ಚೀಲಕ್ಕೆ ತುಂಬಬೇಕಾಗುತ್ತದೆ. 700×45 ಟೈರಿನ ಚಕ್ರ ಗಾಳಿ ತೆಗೆದರೂ 70 ಸೆಂ.ಮೀ. ಅಗಲ ತಿನ್ನುತ್ತದೆ, ಹ್ಯಾಂಡಲ್ ಓರೆಯಾಗಿ ತಿರುಗಿಸಿ, ಡಿರೇಲರ್ ಬಿಚ್ಚಿ ಒಳಕ್ಕೆ ಕಟ್ಟಿದ ಮೇಲೂ ದೊಡ್ಡ ಫ್ರೇಮು 90ರೊಳಗೆ ಕೂರುತ್ತದೆಯೇ ಎಂಬುದನ್ನು ಅಳೆದು ಮುಂದಿನ ಕಂತಿನಲ್ಲಿ ಬರೆಯಬೇಕಿದೆ. ಪಾನ್‌ಸಿಯೇರ್‌ನ ಪೂರ್ವ ದಂಡೆಯ ಗೆರೆಯೂ ಇನ್ನೂ ಪೆನ್ಸಿಲ್ಲಿನಲ್ಲೇ ಇದೆ.