ಕಕ್ಕೆಯಲ್ಲದ ಹಳದಿ: ಸೆನ್ನಾ ಗುರುತಿಸುವ ಕೆಲಸ ಎಲ್ಲಿಗೆ ಬಂತು

ಹೊರನಾಡಿನಿಂದ ಬಂದು ನಮ್ಮ ಕಾಡಿಗೆ ನುಗ್ಗಿರೋ ಹಳದಿ ಹೂವಿನ ಮರ ಸೆನ್ನಾ ಸ್ಪೆಕ್ಟಾಬಿಲಿಸ್. ಹೂವಿಲ್ಲದಾಗಲೂ ಅದರ ಗುರುತು ಹಿಡಿಯಬೇಕು ಅನ್ನೋದೇ ಈ ಸಲದ ಕೆಲಸ. ಹೂವಿದ್ದಾಗ ಕಷ್ಟವಿಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಹೋಗುವಾಗ ಅಕ್ಟೋಬರಿನಲ್ಲಿ ಹಳದಿ ಗೊಂಚಲು ಕಂಡರೆ ಜನ ಕಕ್ಕೆ ಅಂದುಬಿಡುತ್ತಾರೆ. ಆದರೆ ಕಕ್ಕೆ ಮೈತುಂಬ ಅರಳೋದು ಏಪ್ರಿಲ್, ಮೇ ಹೊತ್ತಿಗೆ ಅಲ್ವಾ? ಅದರ ಗೊಂಚಲು ಕೆಳಕ್ಕೆ ಜೋತುಬೀಳುತ್ತದೆ, ಇದರದ್ದು ಕೊಂಬೆ ತುದಿಯಲ್ಲಿ ಮೇಲಕ್ಕೆ ನಿಲ್ಲುತ್ತದೆ.

ಬಂಡೀಪುರದ ಕಾಡಲ್ಲಿ ಗಾಡಿ ನಿಲ್ಲಿಸಿ ಎಲೆ ಕೀಳೋ ಹಾಗಿಲ್ಲ. ಹಾಗಾಗಿ ಊರಂಚಿನ ಗಿಡಗಳಿಂದ ತಂದು ಪೇಪರ್ ಮೇಲೆ ಸಾಲಾಗಿ ಹರಡಿದೆ. ಕಕ್ಕೆಗೆ ಅಂಗೈ ಉದ್ದದ ದೊಡ್ಡ ಎಲೆಗಳು, ಒಂದು ಕಡ್ಡಿಗೆ 3ರಿಂದ 8 ಜೋಡಿ. ಸ್ಪೆಕ್ಟಾಬಿಲಿಸ್‌ಗೆ ಜೋಡಿಗಳು ಜಾಸ್ತಿ, ಎಲೆ ಸಣ್ಣ, ತುದಿ ಚೂಪು. ರಸ್ತೆ ಬದಿಯ ಸೀಮೆ ತಂಗಡಿಗೆ ಎಲೆ ತುದಿ ಮೊಂಡು. ನಮ್ಮ ಬಯಲಿನ ತಂಗಡಿಗಿಡದಲ್ಲಿ ಎಲೆಜೋಡಿಗಳ ನಡುವೆ ಪುಟ್ಟ ಗ್ರಂಥಿಗಳಿವೆ, ಎಲೆಕಡ್ಡಿಯ ಬುಡದಲ್ಲಿ ಕಿವಿಯಂಥ ಅಗಲ ಪತ್ರ ಬೇರೆ. ಸ್ಪೆಕ್ಟಾಬಿಲಿಸ್ ಕಡ್ಡಿಯನ್ನು ಲೆನ್ಸ್‌ನಲ್ಲಿ ಎಷ್ಟು ಹುಡುಕಿದರೂ ಗ್ರಂಥಿ ಇಲ್ಲ.

ಕಾಯಿ ಸಿಕ್ಕರಂತೂ ಅನುಮಾನವೇ ಬೇಡ. ತಂಗಡಿ, ಸೀಮೆ ತಂಗಡಿ ಎರಡರದ್ದೂ ಚಪ್ಪಟೆ. ಕಕ್ಕೆಯದ್ದು ದಪ್ಪ ಕೋಲು, ಉದ್ದ ಅರ್ಧ ಮೀಟರಿನ ಆಸುಪಾಸು. ಸ್ಪೆಕ್ಟಾಬಿಲಿಸ್‌ದೂ ಉರುಟೇ, ಆದರೆ ಬೆರಳಿಗಿಂತ ಸಪೂರ. ಉದ್ದವೂ ಹೆಚ್ಚೂಕಡಿಮೆ ಕಕ್ಕೆಕಾಯಿಯ ಅರ್ಧ.

ಇಷ್ಟು ತಲೆಕೆಡಿಸಿಕೊಳ್ಳೋದಕ್ಕೆ ಕಾರಣ ಇದೆ. ಅಮೆರಿಕ ಖಂಡದ ಬಿಸಿನಾಡಿನ ಈ ಗಿಡವನ್ನು ಅಂದಕ್ಕೆ, ನೆರಳಿಗೆ ಅಂತ ತಂದು ನೆಟ್ಟರು. ಈಗ ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡಿಗೇ ನುಗ್ಗಿದೆ. ವಯನಾಡಿನವರು ಮಂಜಕೊನ್ನ ಅನ್ನುತ್ತಾರೆ. ಬರೀ ಕಡಿದರೆ ಸಾಯೋದಿಲ್ಲ. ಹೊಲದಂಚಲ್ಲಿ ಒಬ್ಬರು ಕಡಿಸಿದ್ದ ಗಿಡ ನೋಡಿದೆ, ಮೋಟಿನ ಸುತ್ತ ಚಿಗುರು ಕಿಕ್ಕಿರಿದಿತ್ತು. ಅದಕ್ಕೇ ವಯನಾಡಿನಲ್ಲಿ ತೊಗಟೆ ಸುಲಿದು ನಿಂತಲ್ಲೇ ಒಣಗಿಸೋ ದಾರಿ ಹಿಡಿದಿದ್ದಾರೆ. ಆ ಸುಲಿತಕ್ಕೆ ಮುಂಚೆ ಪಕ್ಕದ ಕಕ್ಕೆ ಯಾವುದು ಅಂತ ಗೊತ್ತಿರಲೇಬೇಕು. ಇಲ್ಲದಿದ್ದರೆ ಸುಮ್ನೆ ನಮ್ಮ ಮರವೇ ಹೋಗುತ್ತೆ.

ಇನ್ನು ಸಸಿಗಳ ಸರದಿ. ಕಕ್ಕೆ, ಸ್ಪೆಕ್ಟಾಬಿಲಿಸ್ ಎರಡರ ಬೀಜವೂ ಗಟ್ಟಿ ಸಿಪ್ಪೆಯದ್ದು. ಮರಳುಕಾಗದಕ್ಕೆ ಉಜ್ಜಿ ನೆನೆಹಾಕಿದ್ದೇನೆ. ಮೊಳೆತರೆ ಬೇರೆ ಬೇರೆ ಕುಂಡ, ಎಲೆಗಳ ಫೋಟೋ. ಆಮೇಲೆ ಸ್ಪೆಕ್ಟಾಬಿಲಿಸ್ ಸಸಿ ಬೇರು ಸಮೇತ ಒಲೆಗೆ.