ಮಳೆಗೆ ಮುಂಚೆ ಕೈಗೆ ಸಿಗಬೇಕಿದ್ದ 80 ಸಾವಿರ

ನಮ್ಮ ಸಂಘಕ್ಕೆ ಮನೆ ರಿಪೇರಿ ಸಾಲದ ಅರ್ಜಿ ಜಾಸ್ತಿ ಬರುವುದು ಆಗಸ್ಟ್‌ನಲ್ಲಿ. ಶೀಟು ಹಾರಿದ ಮೇಲೆ, ಮನೆ ಹಿಂದಿನ ಬರೆ (ಕಡಿದ ಗುಡ್ಡದ ನೆಟ್ಟಗಿನ ಮಣ್ಣು) ಕುಸಿದ ಮೇಲೆ, ಗೋಡೆ ನೆನೆದು ಬಿದ್ದ ಮೇಲೆ. ಮಡಿಕೇರಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಸಾಲದ ಕಡತ ನೋಡುವುದು ನನ್ನ ಕೆಲಸ. ಹನ್ನೊಂದು ವರ್ಷ ಆಯಿತು. ಈ ಅರ್ಜಿಗಳೆಲ್ಲ ತಪ್ಪು ತಿಂಗಳಲ್ಲಿ ಬರುತ್ತಿವೆ ಅನ್ನುವುದು ನನ್ನ ತಲೆಗೆ ಹೋಗಿದ್ದು ಒಬ್ಬರು ಅಕ್ಕನ ಮನೆ ಬಿದ್ದ ಮೇಲೆ.

2024ರ ಮಾರ್ಚ್. ಕಾಫಿಗೆ ಹೂಮಳೆ ಕಾಯುತ್ತಿದ್ದ ದಿನಗಳು. ಭಾಗಮಂಡಲ ಕಡೆಯ ಆ ಅಕ್ಕ ಕೌಂಟರ್ ಹತ್ತಿರ ಬಂದು ನಿಂತರು. ಎರಡು ಎಕರೆ ಕಾಫಿ, ಮಣ್ಣಿನ ಗೋಡೆಯ ಹೆಂಚಿನ ಮನೆ, ಮುಂದೆ ಶೀಟು ಇಳಿಸಿದ ಜಗಲಿ.

"ಮೇಡಂ, ಸೂರಿನ ಎರಡು ಮರದ ಪಕ್ಕಾಸು ಗೆದ್ದಲು ತಿಂದಿದೆ. ಶೀಟಿನ ಹುಕ್ಕೆಲ್ಲ ತುಕ್ಕು. ಹಿಂದೆ ಬರೆಯ ನೀರು ಸೀದಾ ಗೋಡೆಗೇ ಬರುತ್ತೆ. ಮಳೆ ಹಿಡಿಯೋ ಮುಂಚೆ ಮಾಡಿಸಿಬಿಡಬೇಕು. ಒಂದು 80 ಸಾವಿರ ಆಗ್ಬಹುದಾ?"

ಏನು ಕೆಟ್ಟಿದೆ, ಎಷ್ಟು ಬೇಕು, ಯಾವಾಗ ಬೇಕು, ಎಲ್ಲವನ್ನೂ ಅವರೇ ಹೇಳಿದ್ದರು. ನಾನು ದೊಡ್ಡ ಸಾಲಕ್ಕೆ ಕೇಳುವ ಕಾಗದಗಳನ್ನೇ ಕೇಳಿದೆ. ಪಹಣಿ, ಎಂಜಿನಿಯರ್ ಅಂದಾಜು ಪಟ್ಟಿ, ಅಡಮಾನ. ಜಾಗ ಜಮ್ಮಾ, ಅಂದರೆ ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಮೀನು. ಪಹಣಿಯಲ್ಲಿ ಪಟ್ಟೇದಾರರಾಗಿ ಗಂಡನ ದೊಡ್ಡಪ್ಪನ ಹೆಸರು, ಅವರು ತೀರಿಹೋಗಿ ಎಷ್ಟೋ ವರ್ಷ. ಜೊತೆಗೆ ಕುಟುಂಬದವರ ಹೆಸರುಗಳ ಉದ್ದ ಸಾಲು. ಒಬ್ಬರು ಮೈಸೂರಲ್ಲಿ, ಇಬ್ಬರು ಬೆಂಗಳೂರಲ್ಲಿ. ಎಲ್ಲರ ಒಪ್ಪಿಗೆ ಸಹಿ ತರುವುದರಲ್ಲೇ ಮೇ ಮುಗಿಯಿತು. ಆಡಳಿತ ಮಂಡಳಿ ಸಭೆ ತಿಂಗಳಿಗೊಮ್ಮೆ. ಸಾಲ ಮಂಜೂರಾಗಿದ್ದು ಜೂನ್ 18ಕ್ಕೆ.

ಆಗ ಮಳೆ ಹಿಡಿದಾಗಿತ್ತು. ಒದ್ದೆ ಹೆಂಚಿನ ಮೇಲೆ ಹತ್ತಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ದುಡ್ಡು ಖಾತೆಯಲ್ಲಿ ಕೂತಿತು. ಜುಲೈನ ಗಾಳಿಗೆ ಜಗಲಿಯ ಶೀಟು ಎದ್ದಿತು, ಅದರ ಜೊತೆ ಸೂರಿನ ಹೆಂಚೂ ಹೋಯಿತು. ಎರಡು ರಾತ್ರಿ ಮಣ್ಣಿನ ಗೋಡೆ ನೆನೆಯಿತು. ಮೂರನೇ ದಿನ ಅಡುಗೆಮನೆ ಕಡೆಯ ಗೋಡೆ ಕೂತುಬಿಟ್ಟಿತು. ಅಕ್ಕ ಮಗಳ ಮನೆಯಲ್ಲಿದ್ದರು. ಅದೊಂದು ಪುಣ್ಯ.

ಪರಿಹಾರದಲ್ಲಿ ಅದು ಭಾಗಶಃ ಹಾನಿ ಅಂತ ಬರೆಯಲ್ಪಟ್ಟಿತು. 2022ರಿಂದ 2026ರ ಅವಧಿಗೆ ಕೇಂದ್ರ ಹಾಕಿದ ನಿಯಮದ ಪ್ರಕಾರ ಕನಿಷ್ಠ ಶೇ 15 ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಪೂರ್ತಿ ಬಿದ್ದರೆ ಗುಡ್ಡಗಾಡಿನಲ್ಲಿ 1.30 ಲಕ್ಷ. ರಾಜ್ಯ ಸರ್ಕಾರ ಕೆಲವು ವರ್ಷ ಮೇಲೆ ಸೇರಿಸಿ ಕೊಟ್ಟಿದೆ, 2019ರ ನೆರೆಯಲ್ಲಿ ಪೂರ್ತಿ ಹೋದ ಮನೆಗೆ 5 ಲಕ್ಷ ಘೋಷಿಸಿತ್ತು. ಇದೆಲ್ಲ ಬಿದ್ದ ಮನೆಗೆ ಸಿಗುವ ದುಡ್ಡು. ನಿಂತಿರುವ ಮನೆಯನ್ನು ಗಟ್ಟಿ ಮಾಡಿಕೊಳ್ಳಲು ಯಾರು ಕೊಡುತ್ತಾರೆ? 15ನೇ ಹಣಕಾಸು ಆಯೋಗ ವಿಪತ್ತಿನ ಹಣದಲ್ಲಿ ಶೇ 20ನ್ನು ಮುಂಚಿತ ತಡೆ ಕೆಲಸಕ್ಕೆ ಅಂತಲೇ ಬೇರೆ ಇಟ್ಟಿತ್ತು. ಆದರೆ ಅದರಿಂದ ಒಂದು ಮನೆಯ ಸೂರಿಗೆ ಹುಕ್ಕು ಬಂದದ್ದನ್ನು ನನ್ನ ಕೆಲಸದಲ್ಲಿ ನಾನು ಕಂಡಿಲ್ಲ.

ಅಕ್ಕ ಆಗಸ್ಟ್‌ನಲ್ಲಿ ಮತ್ತೆ ಬಂದರು. ಒಂದು ಮಾತೂ ಬೈಯಲಿಲ್ಲ. "ಇನ್ನು ಆ 80 ಸಾವಿರ ಸಾಕಾಗಲ್ಲ ಅಲ್ವಾ ಮೇಡಂ?" ಅಂದರು. ಸಾಕಾಗುತ್ತಿರಲಿಲ್ಲ. ಮೂರು ಲಕ್ಷದ ಮಾತಾಗಿತ್ತು.

ಆ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಕಾರ್ಯದರ್ಶಿಗಳ ಮುಂದೆ ಐದು ವರ್ಷದ ಕಡತ ಇಟ್ಟೆ. ಪ್ರತಿ ಸಾಲದ ಮೇಲೂ ಅರ್ಜಿ ಬಂದ ದಿನ, ದುಡ್ಡು ಕೊಟ್ಟ ದಿನ ಪೆನ್ಸಿಲ್‌ನಲ್ಲಿ ಬರೆದಿದ್ದೆ. ಅವರು ಸುಮ್ನೆ ಪುಟ ತಿರುಗಿಸಿ ನೋಡಿದರು, ನಂತರ ಮಂಡಳಿಗೆ ತೆಗೆದುಕೊಂಡು ಹೋದರು. ಈಗ ಒಂದು ಲಕ್ಷದೊಳಗಿನ ಮಳೆಗಾಲದ ರಿಪೇರಿಗೆ ನಾವು ಜಾಗ ಅಡಮಾನ ಕೇಳುವುದಿಲ್ಲ. ಇಬ್ಬರು ಸದಸ್ಯರ ಜಾಮೀನು ಸಾಕು. ಅರ್ಜಿ ಜನವರಿಯಲ್ಲಿ, ಮನೆ ನೋಡುವುದು ಫೆಬ್ರವರಿಯಲ್ಲಿ, ದುಡ್ಡು ಮಾರ್ಚ್ ಮುಗಿಯುವುದರೊಳಗೆ. ಕಂತು ಕಾಫಿ ಮಾರಿದ ಮೇಲೆ.

ಮನೆ ನೋಡಲು ಹೋಗುವಾಗ ಊರಿನ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ನಾನು ಕಲಿತದ್ದೆಲ್ಲ ಅವರಿಂದ. ಗಾಳಿ ಮನೆಯ ಮಾಡನ್ನು (ಛಾವಣಿಯನ್ನು) ಮೇಲಿಂದ ಒತ್ತುವುದಕ್ಕಿಂತ ಸೂರಿನ ಕೆಳಗೆ ನುಗ್ಗಿ ಮೇಲಕ್ಕೆ ಎತ್ತುವುದೇ ಜಾಸ್ತಿ. ಹಾಗಾಗಿ ಮೊದಲು ಹೋಗುವುದು ಅಂಚಿನ ಸಾಲು. ಅಂಚಿನಲ್ಲಿ ಹುಕ್ಕು ಹತ್ತಿರ ಹತ್ತಿರ ಬೇಕು, ವಾಷರ್ ಹೊಸದಿರಬೇಕು, ಪಕ್ಕಾಸನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿದಿರಬೇಕು. ಜಗಲಿಯ ಶೀಟನ್ನು ಮನೆಯ ಪಕ್ಕಾಸಿಗೇ ಸೇರಿಸಿ ಕಟ್ಟಿದ್ದರೆ ಶೀಟು ಹೋಗುವಾಗ ಮನೆಯ ಮಾಡನ್ನೂ ಎಳೆಯುತ್ತದೆ. ಅಕ್ಕನ ಮನೆಯಲ್ಲಿ ಆದದ್ದು ಅದೇ. ಜಗಲಿಗೆ ಬೇರೆ ಕಂಬ, ಬೇರೆ ತೊಲೆ ಕೊಡಿಸಿದರೆ ಮನೆ ಉಳಿಯುತ್ತದೆ.

ಬರೆಯದು ಇನ್ನೊಂದು ಕಥೆ. ಮನೆಗೆ ಸಮತಟ್ಟು ಜಾಗ ಮಾಡಲು ಗುಡ್ಡ ಕಡಿಯುತ್ತೇವೆ, ಹಿಂದೆ ನೆಟ್ಟಗೆ ಬರೆ ನಿಲ್ಲುತ್ತದೆ. ಜನ ಕೇಳುವುದು ತಡೆಗೋಡೆಗೆ ಸಾಲ. ಗೋಡೆಯ ಹಿಂದೆ ನೀರು ನಿಂತರೆ ಆ ನೀರೇ ಗೋಡೆಯನ್ನು ಮನೆ ಕಡೆ ತಳ್ಳುತ್ತದೆ. ಗೋಡೆಯಲ್ಲಿ ನೀರು ಹೊರಬರಲು ಪೈಪು, ಹಿಂದೆ ಜಲ್ಲಿ, ಬರೆಯ ಮೇಲ್ಗಡೆ ನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ, ಇವು ಮೂರೂ ಅಂದಾಜಿನಲ್ಲಿ ಇಲ್ಲದಿದ್ದರೆ ನಾನು ಕಡತ ಮುಂದೆ ಕಳಿಸುವುದಿಲ್ಲ. ಗುಡ್ಡದ ಮೇಲೆ ನೆಲವೇ ಬಿರುಕು ಬಿಟ್ಟಿದ್ದರೆ ಸಾಲ ಬೇಡ ಅಂತಲೇ ಹೇಳುತ್ತೇನೆ. 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡವೇ ಇಳಿದು ಬಂದಾಗ ಗಟ್ಟಿ ಕಾಂಕ್ರೀಟ್ ಮನೆಗಳೂ ನಿಲ್ಲಲಿಲ್ಲ. ಅಂಥ ಕಡೆ ತಹಶೀಲ್ದಾರರಿಗೆ ಅರ್ಜಿ ಬರೆಯಲು ಕೂತು ಸಹಾಯ ಮಾಡುವುದೇ ನನ್ನಿಂದ ಆಗುವ ಕೆಲಸ.

ಅಮೆರಿಕದ ಫ್ಲೋರಿಡಾದಲ್ಲಿ ಚಂಡಮಾರುತಕ್ಕೆ ಮನೆ ಗಟ್ಟಿ ಮಾಡಲು ಸರ್ಕಾರದ್ದೇ ಯೋಜನೆ ಇದೆ, 'ಮೈ ಸೇಫ್ ಫ್ಲೋರಿಡಾ ಹೋಮ್'. ಮೊದಲು ಪುಕ್ಕಟೆಯಾಗಿ ಬಂದು ಮನೆ ನೋಡುತ್ತಾರೆ. ಆಮೇಲೆ ಮನೆಯವರು ಹಾಕುವ ಒಂದು ಡಾಲರಿಗೆ ಸರ್ಕಾರ ಎರಡು ಡಾಲರ್ ಸೇರಿಸುತ್ತದೆ, 10,000 ಡಾಲರ್‌ವರೆಗೆ. ನಮ್ಮ ಸಂಘಕ್ಕೆ ಅಷ್ಟು ಶಕ್ತಿ ಎಲ್ಲಿದೆ? ಆದರೆ ಮೊದಲು ಮನೆ ನೋಡುವುದು, ಆಮೇಲೆ ದುಡ್ಡು ಅನ್ನುವ ಕ್ರಮ ನಮಗೂ ಆಗುತ್ತದೆ.

ಸಾಲ ಕೊಡುವ ದಿನವೇ ವಿಮೆಯ ಮಾತೂ ಎತ್ತುತ್ತೇನೆ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅನ್ನುವ ಪಾಲಿಸಿ ಇದೆ. ಬಿರುಗಾಳಿ, ನೆರೆ, ಭೂಕುಸಿತ ಮೂರೂ ಅದರಲ್ಲಿ ಸೇರಿವೆ. ಮನೆಗೆ ಎಷ್ಟು ವಿಮೆಯೋ ಅದರ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗೇ ಸಿಗುತ್ತದೆ. ಮನೆ ಕೂತು ನಿಧಾನವಾಗಿ ಬರುವ ಬಿರುಕಿಗೆ ಸಿಗುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಗೋಡೆ ಮಣ್ಣಿನದ್ದಾದರೆ ಫಾರಂನಲ್ಲಿ ಮಣ್ಣು ಅಂತಲೇ ಬರೆಸಿ. ಏಜೆಂಟರು ಆ ಕಾಲಂ ಖಾಲಿ ಬಿಡಲು ಹೇಳಿದರೂ ಬಿಡಬೇಡಿ.

ಹೋದ ಫೆಬ್ರವರಿಯಲ್ಲಿ 14 ಮನೆ ನೋಡಿದೆವು, 11ಕ್ಕೆ ದುಡ್ಡು ಕೊಟ್ಟೆವು. ಎಲ್ಲರ ಕೆಲಸವೂ ಮೇ ಮುಗಿಯುವ ಮುಂಚೆ ಆಯಿತು. ಅಕ್ಕ ಈಗ ಎರಡು ಕೋಣೆಯ ಕಲ್ಲಿನ ಮನೆಯಲ್ಲಿದ್ದಾರೆ, ಹಳೇ ಸಾಲದ ಕಂತು ತಪ್ಪಿಸಿಲ್ಲ.

ನನಗೆ ದಾರಿ ಕಾಣದೆ ಉಳಿದಿರುವವರು ತೋಟದ ಕಾರ್ಮಿಕರ ಲೈನ್ ಮನೆಯವರು, ಮತ್ತೆ ಕರಡಿಗೋಡು, ನೆಲ್ಲಿಹುದಿಕೇರಿಯಂಥ ಕಡೆ ಹೊಳೆ ದಂಡೆಯಲ್ಲಿ ಹಕ್ಕುಪತ್ರ ಇಲ್ಲದೆ ಇರುವವರು. ಹಕ್ಕುಪತ್ರ ಇಲ್ಲದವರನ್ನು ನಮ್ಮ ಬೈಲಾ ಸದಸ್ಯರನ್ನಾಗಿ ಮಾಡಿಕೊಳ್ಳುವುದಿಲ್ಲ. ಸದಸ್ಯರಲ್ಲದವರಿಗೆ ಸಾಲ ಇಲ್ಲ. ಬೇರೆ ಸಂಘಗಳಲ್ಲಿ ಸ್ವಸಹಾಯ ಗುಂಪಿನ ಮೂಲಕ ಇಂಥವರಿಗೆ ಮಳೆಗೆ ಮುಂಚೆ ಸೂರಿನ ಸಾಲ ಕೊಟ್ಟಿದ್ದರೆ ಹೇಗೆ ಕೊಟ್ಟಿರಿ, ಜಾಮೀನು ಏನು ಬರೆಸಿಕೊಂಡಿರಿ ಅಂತ ದಯವಿಟ್ಟು ತಿಳಿಸಿ. ಜನವರಿ ಸಭೆಗೆ ಆ ಕಾಗದ ಇಡಬೇಕು ಅಂತಿದ್ದೇನೆ.