ಕಿಟಕಿಯ ಅರ್ಥ, ಕಿಟಕಿಯ ಅಳತೆ

ಇಂಗ್ಲೆಂಡಿನ ಹಳೆಯ ಚರ್ಚುಗಳ ಅಳತೆ ತೆಗೆದು ದಾಖಲೆ ಬರೆಯುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಜಾನ್ ಮೇಸನ್ ನೀಲ್ ಎಂಬ ಪಾದ್ರಿಯ ಬರಹದ ಹುಚ್ಚು ಹತ್ತಿತ್ತು. ಹದಿಮೂರನೆಯ ಶತಮಾನದ ಬಿಷಪ್ ಡುರಾಂಡಸ್ ಚರ್ಚಿನ ಒಂದೊಂದು ಭಾಗಕ್ಕೂ ಹೇಳಿದ್ದ ಅರ್ಥವನ್ನು ನೀಲ್ ಮತ್ತು ಬೆಂಜಮಿನ್ ವೆಬ್ 1843ರಲ್ಲಿ ಇಂಗ್ಲಿಷಿಗೆ ತಂದರು. ಗಾರೆಯಲ್ಲಿರುವ ಸುಣ್ಣವೆಂದರೆ ಪ್ರೀತಿ. ತುತ್ತತುದಿಯಲ್ಲಿ ಗಾಳಿಯ ದಿಕ್ಕು ತೋರುವ ಗಾಳಿಕೋಳಿಯೆಂದರೆ ಉಪದೇಶಕ. ಕಿಟಕಿ ಹೊರಗೆ ಕಿರಿದಾಗಿದ್ದು ಒಳಗೆ ಅಗಲವಾಗುವುದೇಕೆ? ಶಾಸ್ತ್ರದ ಗೂಢಾರ್ಥ ವಾಚ್ಯಾರ್ಥಕ್ಕಿಂತ ವಿಶಾಲವಾದ್ದರಿಂದ! ಕಾಲೇಜಿನಲ್ಲಿ, ಕಾವ್ಯದ ಮಾತಿನ ಹಿಂದಿನ ಸೂಚ್ಯಾರ್ಥ ಹುಡುಕುವ ಧ್ವನಿಸಿದ್ಧಾಂತ ಓದಿ ಬಂದವನಿಗೆ ಇದಕ್ಕಿಂತ ರುಚಿ ಬೇಕೆ?

ಒಂದು ಹಳ್ಳಿಯ ಚರ್ಚಿನಲ್ಲಿ ದಕ್ಷಿಣದ ಕಿಟಕಿಯೊಂದರ ಒಳಮೈ ಎಡಕ್ಕಿಂತ ಬಲಕ್ಕೆ ಹೆಚ್ಚು ತೆರೆದುಕೊಂಡಿತ್ತು. ನಾನು ಡುರಾಂಡಸನನ್ನು ನೆನೆದು ಅರ್ಧ ಪುಟ ವ್ಯಾಖ್ಯಾನ ಬರೆದೆ. ಓದಿದ ಹಿರಿಯ ಸಹೋದ್ಯೋಗಿ ಏನೂ ಹೇಳದೆ ಟಾರ್ಚನ್ನು ನನ್ನ ಕೈಗಿಟ್ಟರು. ಗೋಡೆಗೆ ಒತ್ತಿ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ, ಬಲಬದಿಯ ಗಾರೆಯಲ್ಲಿ ಮೇಲಿನಿಂದ ಕೆಳಗೆ ಒಂದು ಏಣು. ಗಾರೆ ಉದುರಿದ ಕಡೆ ಕಲ್ಲಿರಲಿಲ್ಲ, ಇಟ್ಟಿಗೆಯಿತ್ತು. ಎದುರಿನ ಉಪದೇಶಪೀಠಕ್ಕೆ ಬೆಳಕು ಬೀಳಲಿ ಎಂದು ಯಾರೋ ಆ ಬದಿಯನ್ನು ಕೆತ್ತಿ ಅಗಲ ಮಾಡಿದ್ದರು. ನನ್ನ ಅರ್ಧ ಪುಟ ಕಸದ ಬುಟ್ಟಿಗೆ ಹೋಯಿತು.

ತಪ್ಪನ್ನು ನೀಲ್ ತಲೆಗೆ ಕಟ್ಟುವುದು ಅನ್ಯಾಯ. 1839ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಅವರು ಗೆಳೆಯರೊಡನೆ ಕಟ್ಟಿದ ಕೇಂಬ್ರಿಜ್ ಕ್ಯಾಮ್ಡನ್ ಸೊಸೈಟಿ ಚರ್ಚು ನೋಡಲು ಹೋಗುವವರಿಗೆ ಅಚ್ಚುಮಾಡಿದ ನಮೂನೆ ಕೊಡುತ್ತಿತ್ತು. ಒಂದೊಂದು ಭಾಗವನ್ನೂ ಕಣ್ಣಾರೆ ಕಂಡು ತುಂಬಬೇಕು. ಇಂದು ನಾನು ತುಂಬುವ ಹಾಳೆ ಅದರ ಮೊಮ್ಮಗು ಎಂದೇ ನನಗನಿಸುತ್ತದೆ.

ಆದರೆ ರಿಪೇರಿಗೆ ಇಳಿದಾಗ ಆ ಸೊಸೈಟಿಯ ಕಣ್ಣನ್ನು ಅರ್ಥವೇ ಕಟ್ಟಿತು. 1841ರಲ್ಲಿ ಕೇಂಬ್ರಿಜ್‌ನ ರೌಂಡ್ ಚರ್ಚಿನ ಒಂದು ಭಾಗ ಕುಸಿಯಿತು. ದುರಸ್ತಿಯ ನೆಪದಲ್ಲಿ ಸೊಸೈಟಿಯವರು ಹದಿನೈದನೆಯ ಶತಮಾನದ ಗಂಟೆಯ ಅಂತಸ್ತನ್ನೇ ತೆಗೆದು ಶಂಕುವಿನಾಕಾರದ ಚಾವಣಿ ಕೂರಿಸಿದರು. ಒಳಗಿಟ್ಟ ಕಲ್ಲಿನ ಬಲಿಪೀಠ ಅಲ್ಲಿನ ಪಾದ್ರಿಗೇ ಒಪ್ಪಿಗೆಯಾಗದೆ ಕೋರ್ಟಿನ ಮೆಟ್ಟಿಲೇರಿತು. ಮರದ ಮೇಜಾದರೆ ಯೇಸುವಿನ ಕಡೆಯ ಊಟವನ್ನು ನೆನೆಯುವ ಪ್ರಭುಭೋಜನ, ಕಲ್ಲಾದರೆ ಬಲಿ ಎಂಬುದು ತಕರಾರು. 1845ರ ತೀರ್ಪಿನಂತೆ ಅದನ್ನು ತೆಗೆಯಬೇಕಾಯಿತು.

ಈಗ ನನ್ನ ವರದಿಗೆ ಎರಡು ಭಾಗ. ಮೊದಲನೆಯದರಲ್ಲಿ ಟೇಪು, ಟಾರ್ಚು, ಗಾರೆಯ ಪದರ. ಎರಡನೆಯದರಲ್ಲಿ ಊರಿನವರು ಹೇಳುವುದು, ಡುರಾಂಡಸ್ ಹೇಳಿದ್ದು. ಎರಡನೆಯದನ್ನು ಬಿಡಲು ನನಗಂತೂ ಮನಸ್ಸಿಲ್ಲ. ಚರ್ಚಿನವರು ಮೊದಲು ತೆರೆದು ಓದುವುದೂ ಅದನ್ನೇ.